ಅರ್ಥ ಆಗುತ್ತೆ, ಮಾತಾಡೋಕೆ ಬರಲ್ಲ: ಇಂಗ್ಲಿಷಿನಲ್ಲಿ ಬೆಳೆದ ಮಕ್ಕಳು ಪಂಜಾಬಿ ಕಲಿಯುವ ಬಗೆ

ಕೆನಡಾದ ಸರ್ರೆ ಅಥವಾ ಬ್ರಾಂಪ್ಟನ್‌ನ ಪಂಜಾಬಿ ಮನೆಗಳಲ್ಲಿ ಸಂಜೆ ಹೊತ್ತು ನಡೆಯುವ ಮಾತುಕತೆ ಹೆಚ್ಚಾಗಿ ಹೀಗಿರುತ್ತದೆ. ಒಲೆ ಮುಂದೆ ನಿಂತ ಅಜ್ಜಿ "ರೋಟೀ ಖಾಣೀ ಆ?" ಅಂತ ಕೇಳುತ್ತಾರೆ. ಊಟ ಮಾಡ್ತೀಯಾ ಅಂತ. ಹದಿನೈದರ ಮೊಮ್ಮಗ ಫೋನಿನಿಂದ ತಲೆ ಎತ್ತದೆ, ಈಗ ಬೇಡ, ಆಮೇಲೆ ತಿಂತೀನಿ ಅಂತ ಇಂಗ್ಲಿಷಿನಲ್ಲಿ ಹೇಳುತ್ತಾನೆ. ಅಜ್ಜಿಗೆ ಅಷ್ಟು ಇಂಗ್ಲಿಷ್ ತಿಳಿಯುತ್ತದೆ. ಮೊಮ್ಮಗನಿಗೆ ಅಷ್ಟು ಪಂಜಾಬಿ ತಿಳಿಯುತ್ತದೆ. ಯಾರಿಗೂ ತೊಂದರೆಯಿಲ್ಲ. ವರ್ಷಗಟ್ಟಲೆ ಹೀಗೇ ನಡೆದುಬಿಡುತ್ತದೆ.

ಆಮೇಲೆ ಒಂದು ದಿನ ಆ ಹುಡುಗನಿಗೇ ಪಂಜಾಬಿ ಬೇಕು ಅನಿಸುತ್ತದೆ. ಜಲಂಧರ್ ಪಕ್ಕದ ಹಳ್ಳಿಗೆ ಹೋಗುವುದಿರುತ್ತದೆ, ಅಥವಾ ಮನೆಯಲ್ಲಿ ಮದುವೆ, ಅಥವಾ ತಾತನಿಗೆ ಹುಷಾರಿಲ್ಲ. ಬಾಯಿ ತೆರೆದರೆ ಮಾತು ಹೊರಡುವುದಿಲ್ಲ. ತನಗೆ ಪಂಜಾಬಿ ಬರುವುದೇ ಇಲ್ಲ ಅಂದುಕೊಂಡು, ಒಂದು ಆ್ಯಪ್ ಹಾಕಿಕೊಂಡು, ನಾಯಿ ಬೆಕ್ಕು ಕೆಂಪು ನೀಲಿ ಅಂತ ಮೊದಲಿನಿಂದ ಶುರು ಮಾಡುತ್ತಾನೆ. ಎರಡು ವಾರಕ್ಕೆ ಬೇಜಾರಾಗಿ ಬಿಡುತ್ತಾನೆ.

ಬಿಡದೆ ಏನು ಮಾಡಿಯಾನು? ಅವನು ಹೊಸಬನೇ ಅಲ್ಲವಲ್ಲ. ಅವನ ಹತ್ತಿರ ಅರ್ಧ ಪಂಜಾಬಿ ಆಗಲೇ ಇದೆ. ಆ ಅರ್ಧ ಯಾವುದು, ಇಲ್ಲದಿರುವ ಅರ್ಧ ಯಾವುದು ಅಂತ ಬಿಡಿಸಿ ನೋಡಿದರೆ ಕಲಿಯುವ ದಾರಿ ಬಹಳ ಹತ್ತಿರವಾಗುತ್ತದೆ. ಈ ಲೇಖನದಲ್ಲಿ ಮಾಡಹೊರಟಿರುವುದು ಅದನ್ನೇ.

ಮೊದಲು, ಹೀಗಾಗುವುದು ಯಾಕೆ ಅಂತ ನೋಡೋಣ. ಪಂಜಾಬಿಗಳು ಕೆನಡಾ ಸೇರಿ ನೂರು ವರ್ಷದ ಮೇಲಾಯಿತು. ಬ್ರಿಟಿಷ್ ಕೊಲಂಬಿಯಾದ ಮರದ ಮಿಲ್ಲುಗಳಲ್ಲಿ ದುಡಿಯಲು ಬಂದವರು 1906ರಲ್ಲೇ ವ್ಯಾಂಕೂವರಿನಲ್ಲಿ ಖಾಲ್ಸಾ ದಿವಾನ್ ಸೊಸೈಟಿ ಎಂಬ ಸಿಖ್ ಸಂಘ ಕಟ್ಟಿಕೊಂಡರು. ಆಬಟ್ಸ್‌ಫರ್ಡ್‌ನ ಹಳೆಯ ಗುರುದ್ವಾರ 1911ರದ್ದು. ಆದರೆ ಹೊರಟ ದೇಶದಿಂದ ಎಲ್ಲೂ ನಿಲ್ಲದೆ ನೇರವಾಗಿ ಬಂದವರಿಗೆ ಮಾತ್ರ ಪ್ರವೇಶ ಎಂಬ 1908ರ ನಿಯಮ ಬಾಗಿಲು ಹಾಕಿತು. ಇಂಡಿಯಾದಿಂದ ಹಾಗೆ ಬರಲು ಆಗ ಆಗುತ್ತಲೇ ಇರಲಿಲ್ಲ. 1914ರಲ್ಲಿ 376 ಜನರನ್ನು ಹೊತ್ತು ಬಂದ ಕೋಮಗಾತ ಮಾರು ಹಡಗಿನ ಬಹುಪಾಲು ಜನರನ್ನು ದಡಕ್ಕೇ ಇಳಿಸದೆ ವಾಪಸ್ ಕಳಿಸಿದರು. ಕುಟುಂಬಗಳು ದೊಡ್ಡ ಸಂಖ್ಯೆಯಲ್ಲಿ ಬಂದದ್ದು 1967ರಲ್ಲಿ ವಲಸೆ ನೀತಿ ಬದಲಾದ ಮೇಲೆ. ಗಂಡ ಹೆಂಡತಿ ಇಬ್ಬರೂ ದುಡಿಯಬೇಕು. ಮಕ್ಕಳನ್ನು ನೋಡಿಕೊಳ್ಳಲು ಊರಿನಿಂದ ಅಪ್ಪ ಅಮ್ಮನನ್ನು ಕರೆಸಿಕೊಂಡರು.

ಹಾಗಾಗಿ ಇಂಥ ಎಷ್ಟೋ ಮಕ್ಕಳ ಮೊದಲ ಮಾತು ಪಂಜಾಬಿಯೇ. ಮೊದಲ ನಾಲ್ಕೈದು ವರ್ಷ ಅಜ್ಜಿ ಮಡಿಲಲ್ಲಿ, ಅಜ್ಜಿಯ ಭಾಷೆಯಲ್ಲಿ. ಆಮೇಲೆ ಶಾಲೆ ಶುರು. ದಿನಕ್ಕೆ ಆರು ತಾಸು ಇಂಗ್ಲಿಷ್. ಒಂದೆರಡು ವರ್ಷದಲ್ಲಿ ಆಟ, ಜಗಳ, ಕನಸು ಎಲ್ಲವೂ ಇಂಗ್ಲಿಷಿಗೆ ತಿರುಗುತ್ತವೆ. ಮನೆಯ ದೊಡ್ಡ ಮಗು ಇಂಗ್ಲಿಷನ್ನು ಮನೆಗೆ ತರುತ್ತದೆ, ತಮ್ಮ ತಂಗಿಯರ ಜೊತೆ ಅದರಲ್ಲೇ ಮಾತಾಡುತ್ತದೆ. ಅದಕ್ಕೇ ಒಂದೇ ಮನೆಯಲ್ಲಿ ಅಕ್ಕನಿಗೆ ಪಂಜಾಬಿ ಚೆನ್ನಾಗಿ ಬರುತ್ತದೆ, ತಮ್ಮನಿಗೆ ಬರುವುದಿಲ್ಲ. ಇದರಲ್ಲಿ ತಮ್ಮನ ಸೋಮಾರಿತನ ಏನೂ ಇಲ್ಲ. ಅಕ್ಕ ಹುಟ್ಟಿದ್ದು ಪಂಜಾಬಿ ಮನೆಯಲ್ಲಿ, ತಮ್ಮ ಹುಟ್ಟುವ ಹೊತ್ತಿಗೆ ಅದು ಎರಡು ಭಾಷೆಯ ಮನೆ.

ಸುತ್ತ ಪಂಜಾಬಿ ಕಡಿಮೆಯೇನೂ ಇಲ್ಲ. 2021ರ ಕೆನಡಾ ಜನಗಣತಿಯಲ್ಲಿ ಸುಮಾರು 5,20,000 ಜನ ಮನೆಯಲ್ಲಿ ಹೆಚ್ಚಾಗಿ ಪಂಜಾಬಿಯನ್ನೇ ಆಡುವುದಾಗಿ ಹೇಳಿದ್ದರು. ಐದು ವರ್ಷದ ಹಿಂದಿಗಿಂತ ಅದು ಶೇ. 49 ಜಾಸ್ತಿ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಅದೇ ವರ್ಷ ಸುಮಾರು 2,91,000 ಜನ ಪಂಜಾಬಿಯನ್ನು ತಮ್ಮ ಮುಖ್ಯ ಭಾಷೆ ಅಂತ ಬರೆಸಿದರು. ಆದರೆ ಈ ಏರಿಕೆಯ ದೊಡ್ಡ ಪಾಲು ಹೊಸದಾಗಿ ಬಂದವರದ್ದು. ಅಲ್ಲೇ ಹುಟ್ಟಿದ ಹುಡುಗನ ನಾಲಿಗೆಯ ಮೇಲೆ ಅದು ತಾನಾಗಿ ಕೂರುವುದಿಲ್ಲ.

ಕಿವಿಗೆ ಏನೇನು ಗೊತ್ತು

ಚಿಕ್ಕಂದಿನಲ್ಲಿ ಕೇಳಿದ ಭಾಷೆ ಎಲ್ಲಿ ಹೋಗುತ್ತದೆ? ಈ ಪ್ರಶ್ನೆಗೆ ಒಳ್ಳೆಯ ಉತ್ತರಗಳು ಸಿಕ್ಕಿವೆ. ಕೆಲವು ಸಿಕ್ಕಿದ್ದು ಕೆನಡಾದಲ್ಲೇ.

ಜಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ 1984ರಲ್ಲಿ ಪ್ರಕಟಿಸಿದ ಸಂಶೋಧನೆಯಲ್ಲಿ ಇಂಗ್ಲಿಷ್ ಮನೆಯ ಕೂಸುಗಳಿಗೆ ಹಿಂದಿಯ ತ ಮತ್ತು ಟ ಕೇಳಿಸಿದರು. ಆರರಿಂದ ಎಂಟು ತಿಂಗಳ ಕೂಸುಗಳು ಎರಡೂ ಬೇರೆ ಅಂತ ಗುರುತಿಸಿದವು. ವರ್ಷ ತುಂಬುವ ಹೊತ್ತಿಗೆ ಆ ಶಕ್ತಿ ಹೆಚ್ಚುಕಡಿಮೆ ಹೋಗಿತ್ತು. ಇಂಗ್ಲಿಷಿಗೆ ಆ ವ್ಯತ್ಯಾಸ ಬೇಕಿಲ್ಲ, ಕಿವಿ ಅದನ್ನು ಬಿಟ್ಟುಬಿಟ್ಟಿತು. ಆದರೆ ಎಳೆಯ ವಯಸ್ಸಿನಲ್ಲಿ ಹಿಂದಿ ಕೇಳಿ ಆಮೇಲೆ ಮರೆತ ದೊಡ್ಡವರಲ್ಲಿ ಆ ವ್ಯತ್ಯಾಸ ಗುರುತಿಸುವ ಶಕ್ತಿ ಉಳಿದಿತ್ತು ಅನ್ನುವುದನ್ನೂ ಇದೇ ಇಬ್ಬರು ತೋರಿಸಿದರು.

2014ರ ಮಾಂಟ್ರಿಯಲ್ ಅಧ್ಯಯನ ಇನ್ನೂ ಸೋಜಿಗದ್ದು. ಸುಮಾರು ಒಂದು ವರ್ಷದವರಿದ್ದಾಗ ಚೀನಾದಿಂದ ದತ್ತು ಬಂದು, ಆಮೇಲೆ ಫ್ರೆಂಚ್ ಮಾತ್ರ ಕೇಳಿ ಬೆಳೆದ ಹುಡುಗಿಯರು ಅವರು. ವಯಸ್ಸು 9ರಿಂದ 17. ಚೀನೀ ಭಾಷೆಯ ಒಂದು ಪದವೂ ಅವರಿಗೆ ನೆನಪಿಲ್ಲ. ಆದರೂ ಆ ಭಾಷೆಯ ದನಿಯ ಏರಿಳಿತ ಕೇಳಿಸಿದಾಗ ಅವರ ಮಿದುಳು ಸ್ಪಂದಿಸಿದ ರೀತಿ, ಇವತ್ತಿಗೂ ಚೀನೀ ಮಾತಾಡುವ ಹುಡುಗಿಯರ ಹಾಗೇ ಇತ್ತು. ಫ್ರೆಂಚ್ ಬಿಟ್ಟು ಬೇರೇನೂ ಕೇಳದೆ ಬೆಳೆದವರ ಮಿದುಳು ಬೇರೆ ಥರ ಸ್ಪಂದಿಸಿತು. ಒಂದೇ ಒಂದು ವರ್ಷ ಕೇಳಿದ್ದು ಅಷ್ಟು ಆಳಕ್ಕೆ ಇಳಿದಿತ್ತು. ಇನ್ನು ದಿನಾ ಅಜ್ಜಿಯ ಮಾತು ಕೇಳುತ್ತಾ ಬೆಳೆದವನ ಕಿವಿಯಲ್ಲಿ ಎಷ್ಟಿರಬೇಡ?

ಮೂರನೆಯದು ಲಾಸ್ ಏಂಜಲೀಸ್‌ನದ್ದು, 2002ರದ್ದು. ಟೆರಿ ಔ ಮತ್ತು ಸಂಗಡಿಗರು ಚಿಕ್ಕಂದಿನಲ್ಲಿ ಸ್ಪ್ಯಾನಿಷ್ ಕೇಳಿ ಮಾತ್ರ ಗೊತ್ತಿದ್ದು, ಕಾಲೇಜಿನಲ್ಲಿ ಕಲಿಯಲು ಕೂತವರನ್ನು ಪರೀಕ್ಷಿಸಿದರು. ಹೊಸದಾಗಿ ಕಲಿಯುವವರಿಗಿಂತ ಇವರ ಉಚ್ಚಾರ ಎಷ್ಟೋ ಚೆನ್ನಾಗಿತ್ತು. ವ್ಯಾಕರಣದಲ್ಲಿ ಮಾತ್ರ ಇವರೂ ಅವರೂ ಒಂದೇ.

ಈ ಕೊನೆಯ ಮಾತನ್ನು ಗಟ್ಟಿಯಾಗಿ ಹಿಡಿದುಕೊಳ್ಳಬೇಕು. ಕೇಳಿದ್ದರಿಂದ ಸದ್ದು ಬರುತ್ತದೆ. ವಾಕ್ಯ ಕಟ್ಟುವುದು ಬರುವುದು ಮಾತಾಡಿದರೆ ಮಾತ್ರ.

ಘೋಡಾ ಅಂತ ಬರೆದು ಕೋಡಾ ಅನ್ನುವ ಭಾಷೆ

ಪಂಜಾಬಿಯಲ್ಲಿ ಈ ಸದ್ದಿನ ಭಾಗ ಯಾಕೆ ಅಷ್ಟು ದೊಡ್ಡ ಆಸ್ತಿ ಅಂತ ಹೇಳಲು ಸ್ವಲ್ಪ ಒಳಗೆ ಹೋಗಬೇಕು.

ಹಿಂದಿಗೆ ಹತ್ತಿರದ ಭಾಷೆ, ಹಿಂದಿಯ ಹಾಗೇ ಇರಬಹುದು ಅಂತ ನಾವು ಅಂದುಕೊಳ್ಳುತ್ತೇವೆ. ಆದರೆ ಪಂಜಾಬಿಯಲ್ಲಿ ದನಿ ಏರಿದರೆ ಒಂದು ಅರ್ಥ, ತಗ್ಗಿದರೆ ಇನ್ನೊಂದು ಅರ್ಥ. ಚೀನೀ ಭಾಷೆಯಲ್ಲಿ ಇರುವಂಥದ್ದೇ ಗುಣ. ನಮ್ಮ ದೇಶದ ದೊಡ್ಡ ಭಾಷೆಗಳಲ್ಲಿ ಇದು ಬಹಳ ಅಪರೂಪ.

ಇದು ಬಂದ ದಾರಿ ಹೀಗೆ. ಹಿಂದೆ ಯಾವುದೋ ಕಾಲದಲ್ಲಿ ಪಂಜಾಬಿಯಲ್ಲೂ ಘ, ಝ, ಢ, ಧ, ಭ ಅನ್ನುವ ಮಹಾಪ್ರಾಣಗಳು ಬಾಯಲ್ಲಿ ಇದ್ದವು. ಬರಬರುತ್ತಾ ಆ ಉಸಿರು ಹೋಯಿತು. ಹೋಗುವಾಗ ಪಕ್ಕದ ಸ್ವರದ ಮೇಲೆ ತನ್ನ ಗುರುತು ಬಿಟ್ಟು ಹೋಯಿತು. ಪದದ ಮೊದಲಲ್ಲಿ ಘ ಇದ್ದರೆ ಈಗ ಅದು ಬರೀ ಕ. ಆದರೆ ಅದರ ಮುಂದಿನ ಸ್ವರ ಒಮ್ಮೆ ತಗ್ಗಿ ಆಮೇಲೆ ಮೇಲೆ ಬರುತ್ತದೆ.

ಎಲ್ಲ ಪಾಠಗಳಲ್ಲೂ ಬರುವ ಉದಾಹರಣೆ ಕುದುರೆಯದ್ದು. ಬರೆಯುವುದು ಘೋಡಾ. ಬಾಯಲ್ಲಿ ಬರುವುದು ಕೋಡಾ, ಓ ಅನ್ನುವಾಗ ದನಿ ತಗ್ಗಿಸಿ. ಅದೇ ಕೋಡಾ ಅನ್ನುವುದನ್ನು ದನಿ ಏರಿಸದೆ ಇಳಿಸದೆ ಹೇಳಿದರೆ ಚಾಟಿ. ದನಿ ಏರಿಸಿ ಹೇಳಿದರೆ ಕುಷ್ಠರೋಗಿ. ನಾವು ಗಾಡಿ ಅನ್ನುವಾಗ ಬರುವ ಡ ಇದೆಯಲ್ಲ, ಹೆಚ್ಚುಕಡಿಮೆ ಅದೇ ಡ ಮೂರರಲ್ಲೂ. ಬೇರೆಯಾಗಿರುವುದು ದನಿಯ ಏರಿಳಿತ ಒಂದೇ.

ಹಾಗೆಯೇ ಘರ್ ಅಂದರೆ ಪಂಜಾಬಿ ಬಾಯಲ್ಲಿ ತಗ್ಗು ದನಿಯ ಕರ್. ನಾವು ಭಾಂಗ್ಡಾ ಅನ್ನುವ ಕುಣಿತ ಅವರ ಬಾಯಲ್ಲಿ ಪಂಗ್ಡಾ ಅಂತ ಕೇಳುತ್ತದೆ. ಪದದ ನಡುವೆ, ಕೊನೆಯಲ್ಲಿ ಈ ಅಕ್ಷರಗಳು ಬಂದರೆ ಹಿಂದಿನ ಸ್ವರ ಮೇಲೇರುತ್ತದೆ. ಹಾಲು ಅನ್ನುವ ದುದ್ಧ್ ಏರು ದನಿಯ ದುದ್ದ್ ಆಗುತ್ತದೆ. ಹ ಕೂಡ ಹೀಗೇ. ಮಜ್ಜಿಗೆಯಲ್ಲಿ ಕಡಲೆಹಿಟ್ಟು ಹಾಕಿ ಕುದಿಸುವ ಕಢಿ ಇದೆಯಲ್ಲ, ಅದನ್ನು ದನಿ ಏರಿಸಿ ಕಡೀ ಅನ್ನಬೇಕು. ಏರಿಸದೆ ಅಂದರೆ ಸರಪಳಿಯ ಕೊಂಡಿ.

ಇಂಗ್ಲಿಷ್ ಒಂದೇ ಗೊತ್ತಿರುವವನಿಗೆ ಇದು ತಿಂಗಳುಗಟ್ಟಲೆ ಒದ್ದಾಟ. ಹಿಂದಿ ಚೆನ್ನಾಗಿ ಬಲ್ಲವರೂ ಘರ್, ಭಾಯಿ ಅಂತ ಉಸಿರು ಹಾಕಿ ಹೇಳಿ ಸಿಕ್ಕಿಬೀಳುತ್ತಾರೆ. ಸರ್ರೆಯ ಆ ಹುಡುಗ ಮಾತ್ರ ಯೋಚನೆಯನ್ನೇ ಮಾಡದೆ ಸರಿಯಾಗಿ ಕರ್ ಅನ್ನುತ್ತಾನೆ, ಅಜ್ಜಿಯ ದನಿಯಲ್ಲೇ. ತಾನು ಮಾಡುತ್ತಿರುವುದು ಕಷ್ಟದ ಕೆಲಸ ಅಂತ ಅವನಿಗೆ ಯಾರೂ ಹೇಳಿಲ್ಲ. ಹೇಳಬೇಕು. ಮನೆಯವರು ಅವನ ತಪ್ಪುಗಳನ್ನು ಎಣಿಸುವ ಮೊದಲು ಇದನ್ನು ಹೇಳಬೇಕು ಅಂತ ನನ್ನ ಆಸೆ.

ಬಾಯಿಗೆ ಬಾರದಿರುವುದು

ಈಗ ಇಲ್ಲದ ಅರ್ಧ. ಇಲ್ಲಿ ಕನ್ನಡ ಓದುವವರಿಗೆ ಒಂದು ಅನುಕೂಲ ಇದೆ, ಯಾಕಂದರೆ ಪಂಜಾಬಿ ವಾಕ್ಯದ ಕಟ್ಟು ಬಹಳ ಕಡೆ ನಮ್ಮದರ ಹಾಗೇ. ಕ್ರಿಯಾಪದ ಕೊನೆಗೆ. ಘರ್ ವಿಚ್ ಅಂದರೆ ಮನೆಯಲ್ಲಿ, ವಿಚ್ ಅನ್ನುವುದು ನಮ್ಮ ಅಲ್ಲಿಯ ಹಾಗೆ ಹಿಂದೆ ಬರುತ್ತದೆ. ಮೈನೂಂ ಪತಾ ನಹೀಂ ಅಂದರೆ ನನಗೆ ಗೊತ್ತಿಲ್ಲ. ಮೈನೂಂ ಭುಖ್ ಲಗ್ಗೀ ಹೈ ಅಂದರೆ ನನಗೆ ಹಸಿವಾಗಿದೆ. ನಾನು ಅಂತ ಶುರು ಮಾಡದೆ ನನಗೆ ಅಂತ ಶುರು ಮಾಡುವುದು ನಮಗೆ ಸಹಜ. ಇಂಗ್ಲಿಷಿನಲ್ಲಿ ಯೋಚಿಸುವ ಹುಡುಗ ಪ್ರತಿಸಲ ನಾನು ಅಂತಲೇ ಹೊರಡುತ್ತಾನೆ, ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತಾನೆ. ಹಿಂದಿಯಲ್ಲಿ ಪಾನೀ ಆಗಿರುವ ನೀರು ಪಂಜಾಬಿಯಲ್ಲಿ ಪಾಣೀ. ಅವರಿಗೆ ಣ ಇದೆ, ಮಾತಿನಲ್ಲಿ ಳ ಕೂಡ ಇದೆ.

ಕಷ್ಟ ಇರುವುದು ಲಿಂಗದಲ್ಲಿ. ಪ್ರತಿ ವಸ್ತುವೂ ಗಂಡು ಇಲ್ಲವೇ ಹೆಣ್ಣು. ಚಹಾ ಹೆಣ್ಣು, ಹಾಲು ಗಂಡು. ರೊಟ್ಟಿ ಹೆಣ್ಣು, ನೀರು ಗಂಡು. ಶಾಲೆಯಲ್ಲಿ ಹಿಂದಿ ಕಲಿತ ಕನ್ನಡಿಗರಿಗೆ ಈ ಪಾಡು ಹೊಸದಲ್ಲ, ಅಲ್ವಾ? ಅದಕ್ಕಿಂತ ಒಂದು ಹೆಜ್ಜೆ ಮುಂದೆ, ಆಗಿಹೋದ ಕೆಲಸದ ಬಗ್ಗೆ ಹೇಳುವಾಗ ಕ್ರಿಯಾಪದ ಮಾಡಿದವರ ಮಾತು ಕೇಳುವುದಿಲ್ಲ, ವಸ್ತುವಿನ ಮಾತು ಕೇಳುತ್ತದೆ. ಮೈಂ ಚಾ ಪೀತೀ, ನಾನು ಚಹಾ ಕುಡಿದೆ. ಮೈಂ ದುದ್ಧ್ ಪೀತಾ, ನಾನು ಹಾಲು ಕುಡಿದೆ. ಹೇಳುವವನು ಹುಡುಗನಾಗಲಿ ಹುಡುಗಿಯಾಗಲಿ ಪೀತೀ, ಪೀತಾ ಬದಲಾಗುವುದಿಲ್ಲ. ಚಹಾಕ್ಕೆ ಪೀತೀ, ಹಾಲಿಗೆ ಪೀತಾ.

ಕೇಳುವವನಿಗೆ ಈ ಕೊನೆಯ ತಾ ತೀ ಬೇಕೇ ಆಗುವುದಿಲ್ಲ. ಚಾ ಅನ್ನುವುದು ಕಿವಿಗೆ ಬಿದ್ದ ಕೂಡಲೇ ಅರ್ಥ ಆಗಿಹೋಗುತ್ತದೆ. ಹದಿನೈದು ವರ್ಷ ಕೇಳಿದರೂ ಆ ತುದಿ ಮನಸ್ಸಿನಲ್ಲಿ ನಿಲ್ಲದಿರುವುದು ಇದಕ್ಕೇ. ಮಾತಾಡುವವನಿಗೆ ಮಾತ್ರ ಅದು ಬೇಕೇ ಬೇಕು, ಯಾಕಂದರೆ ಏನಾದರೊಂದು ತುದಿ ಹಾಕದೆ ಪದ ಮುಗಿಯುವುದೇ ಇಲ್ಲ. ಅರ್ಥವಾಗುವುದಕ್ಕೂ ಆಡುವುದಕ್ಕೂ ನಡುವೆ ಇಷ್ಟು ಅಂತರ ಬರುವ ಮುಖ್ಯ ಕಾರಣ ಇದು ಅಂತ ನಾನು ತಿಳಿದಿದ್ದೇನೆ.

ಇದರ ಜೊತೆಗೆ ಇನ್ನೊಂದು ಇಕ್ಕಟ್ಟು. ದಿನವೆಲ್ಲ ಅಜ್ಜಿ ಜೊತೆ ಇದ್ದ ಗಂಡು ಮಗು, ನಾನು ಹೋಗ್ತೀನಿ ಅನ್ನಲು ಅಜ್ಜಿಯ ಹಾಗೇ ಮೈಂ ಜಾಂದೀ ಹಾಂ ಅಂದುಬಿಡುತ್ತದೆ. ಹುಡುಗ ಜಾಂದಾ ಅನ್ನಬೇಕು. ನಾಲ್ಕು ವರ್ಷದ ಮಗು ಹೀಗಂದರೆ ಎಲ್ಲರಿಗೂ ಮುದ್ದು. ಹದಿನಾಲ್ಕರ ಹುಡುಗ ಅಂದರೆ ಮನೆ ತುಂಬ ನಗು. ಅವತ್ತಿಗೆ ಅವನು ಬಾಯಿ ಮುಚ್ಚಿದ ಅಂತಲೇ ಲೆಕ್ಕ.

ಮರ್ಯಾದೆಯ ಮಾತು ಇನ್ನೂ ಸೂಕ್ಷ್ಮ. ನಮ್ಮ ನೀನು ನೀವಿನ ಹಾಗೆ ಅಲ್ಲಿ ತೂಂ ಮತ್ತು ತುಸೀಂ. ಮನೆಯಲ್ಲಿ ಚಿಕ್ಕವನಿಗೆ ಎಲ್ಲರೂ ತೂಂ ಅನ್ನುತ್ತಾರೆ. ಬಾ ಅನ್ನಲು ಆ ಜಾ, ಕೂತ್ಕೋ ಅನ್ನಲು ಬಹಿ ಜಾ. ಅವನ ಕಿವಿಗೆ ಜಾಸ್ತಿ ಬಿದ್ದಿರುವುದು ಇವೇ. ಮನೆಗೆ ಬಂದ ತಾತನ ಗೆಳೆಯರಿಗೆ ಅವನು ಪ್ರೀತಿಯಿಂದ ಆ ಜಾ ಅಂತಾನೆ. ಆ ಜಾಓ ಜೀ ಅನ್ನಬೇಕಿತ್ತು. ಅವರಿಗೆ ಅದು ಒರಟಾಗಿ ಕೇಳುತ್ತದೆ. ಅವನಿಗೆ ಏನು ತಪ್ಪಾಯಿತು ಅಂತ ಗೊತ್ತೇ ಆಗುವುದಿಲ್ಲ. ಮನೆಯ ಭಾಷೆಯಷ್ಟೇ ಬಂದರೆ ಹೊರಗಿನವರ ಜೊತೆ ಮಾತಾಡುವ ಭಾಷೆ ಬಂದ ಹಾಗಾಗುವುದಿಲ್ಲ.

ಇದಕ್ಕೆ ನನಗೆ ತೋಚುವ ಅತ್ಯುತ್ತಮ ಪಾಠಶಾಲೆ ಗುರುದ್ವಾರದ ಲಂಗರ್. ಅಲ್ಲಿ ಸಾಲಾಗಿ ನೆಲದ ಮೇಲೆ ಕೂತವರಿಗೆ ಬಡಿಸುವ ಸೇವೆಗೆ ಯಾರು ಬೇಕಾದರೂ ನಿಲ್ಲಬಹುದು. ರೊಟ್ಟಿಗೆ ಅಲ್ಲಿ ಪರ್ಶಾದಾ ಅನ್ನುತ್ತಾರೆ. ಬುಟ್ಟಿ ಹಿಡಿದ ಹುಡುಗ ಒಬ್ಬೊಬ್ಬರ ಮುಂದೆಯೂ ಬಗ್ಗಿ "ಪರ್ಶಾದಾ ಜೀ" ಅನ್ನಬೇಕು. ಅವರು ಎರಡೂ ಕೈ ಚಾಚುತ್ತಾರೆ, ಇಲ್ಲವೇ "ಬಸ್ ಜೀ" ಅನ್ನುತ್ತಾರೆ. ಬೇಳೆ ಬಕೆಟ್ ಹಿಡಿದವನು "ದಾಲಾ ಜೀ" ಅನ್ನುತ್ತಾ ಬರುತ್ತಾನೆ, ನೀರು ಕೊಡುವವನು "ಜಲ್ ಜೀ". ಎರಡೇ ಪದ. ಆದರೆ ಒಂದು ತಾಸಿನಲ್ಲಿ ಅದನ್ನು ಅಪರಿಚಿತರಿಗೆ, ಹಿರಿಯರಿಗೆ, ಮರ್ಯಾದೆಯ ದನಿಯಲ್ಲಿ ನೂರಾರು ಸಲ ಹೇಳಿರುತ್ತಾನೆ. ಯಾರೂ ಪರೀಕ್ಷೆ ಮಾಡುವುದಿಲ್ಲ. ಕೈಯಲ್ಲಿ ಕೆಲಸ ಇರುವುದರಿಂದ ನಾಚಿಕೆಗೆ ಪುರುಸೊತ್ತಿಲ್ಲ. ಕೆಲವು ವಾರಕ್ಕೆ ಇನ್ನೊಂದು ಸ್ವಲ್ಪ ಹಾಕ್ಲಾ, ಎಲ್ಲಿಂದ ಬಂದ್ರಿ ಅನ್ನುವಷ್ಟಕ್ಕೆ ಮಾತು ಬೆಳೆಯುತ್ತದೆ. ಬಾಯಿ ಬಿಡುವುದು ಹೀಗೆ, ಚಿಕ್ಕ ಮಾತನ್ನು ಮತ್ತೆ ಮತ್ತೆ ಆಡಿ.

ನಗು ಮತ್ತು ತಿದ್ದುವಿಕೆ

ಹದಿಹರೆಯದವರು ಪಂಜಾಬಿ ಆಡದಿರಲು ವ್ಯಾಕರಣಕ್ಕಿಂತ ದೊಡ್ಡ ಅಡ್ಡಿ ಮನೆಯವರ ನಗು. ನಗುವವರಿಗೆ ಕೆಟ್ಟ ಉದ್ದೇಶ ಇರುವುದಿಲ್ಲ. ಗೋರಾ ಥರ ಮಾತಾಡ್ತಾನೆ ಅಂತ ಮಾಮ ಪ್ರೀತಿಯಿಂದಲೇ ನಗುತ್ತಾನೆ. ಆದರೆ ಆ ವಯಸ್ಸಿನಲ್ಲಿ ನಾಲ್ಕು ಜನರ ಮುಂದೆ ನಗೆಪಾಟಲಾಗುವುದು ಸಣ್ಣ ಮಾತಲ್ಲ. ಮುಂದಿನ ಸಲ ಅವನು ಸುಮ್ನೆ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಾನೆ. ಅದು ಸುರಕ್ಷಿತ.

ಕಡುಪ್ರೀತಿಯ ಇನ್ನೊಂದು ತೊಂದರೆ ಇದೆ. ಹುಡುಗ ಪದಕ್ಕಾಗಿ ತಡಕಾಡುತ್ತಾ ನಿಂತರೆ ಅಪ್ಪ ಅಮ್ಮ ಕೂಡಲೇ ಇಂಗ್ಲಿಷಿಗೆ ಜಾರುತ್ತಾರೆ, ಪಾಪ ಕಷ್ಟಪಡ್ತಿದಾನೆ ಅಂತ. ಆ ತಡಕಾಟದ ಹೊತ್ತಿನಲ್ಲೇ ಕಲಿಕೆ ಆಗುವುದು. ಐದು ಸೆಕೆಂಡು ಕಾಯಬೇಕು, ಅಷ್ಟೇ. ಊರಿನ ಸೋದರ ಸಂಬಂಧಿಗಳ ಜೊತೆ ವಿಡಿಯೋ ಕಾಲ್ ಮಾಡಿದರೂ ಇದೇ ಕತೆ. ಅವರಿಗೆ ತಮ್ಮ ಇಂಗ್ಲಿಷ್ ಹೊಳಪು ಮಾಡಿಕೊಳ್ಳಬೇಕಿರುತ್ತದೆ.

ಹಾಗಾದರೆ ತಪ್ಪು ತಿದ್ದುವುದೇ ಬೇಡವೇ? ತಿದ್ದಬೇಕು, ಮಾತು ನಿಲ್ಲಿಸದೆ. ಹುಡುಗ "ಮೈಂ ಚಾ ಪೀತಾ" ಅಂದ ಅಂತಿಟ್ಟುಕೊಳ್ಳಿ. ಅದು ಪೀತಾ ಅಲ್ಲ ಕಣೋ ಅಂದರೆ ಅವನು ಸುಮ್ಮನಾಗುತ್ತಾನೆ. ಅದರ ಬದಲು ಅಜ್ಜಿ "ಅಚ್ಛಾ, ಚಾ ಪೀತೀ? ಕಿನ್ನೇ ಬಣಾಈ?" ಅಂದರೆ, ಹೌದಾ, ಚಹಾ ಕುಡಿದ್ಯಾ, ಯಾರು ಮಾಡಿದ್ರು ಅಂತ ಕೇಳಿದರೆ, ಸರಿಯಾದ ರೂಪ ಎರಡು ಸಲ ಅವನ ಕಿವಿಗೆ ಬಿತ್ತು. ಪೀತೀ ಒಂದು, ಬಣಾಈ ಇನ್ನೊಂದು, ಎರಡಕ್ಕೂ ಹೆಣ್ಣಿನ ತುದಿ. ಮಾತೂ ಮುಂದೆ ಹೋಯಿತು. ಪುಟ್ಟ ಮಕ್ಕಳಿಗೆ ತಾಯಂದಿರು ಗೊತ್ತಿಲ್ಲದೆಯೇ ಮಾಡುವುದು ಇದನ್ನೇ. ದೊಡ್ಡ ಹುಡುಗನಿಗೂ ಅದನ್ನೇ ಮಾಡಿ ಅಂತ ಅಜ್ಜಿಯರಿಗೆ ಹೇಳಿಕೊಡಬೇಕು.

ಇಷ್ಟು ಬರೆಯುವಾಗ ನನಗೆ ನಮ್ಮ ಮನೆಗಳೂ ಕಣ್ಣ ಮುಂದೆ ಬರುತ್ತವೆ. ಕ್ಯಾಲಿಫೋರ್ನಿಯಾದ ಕನ್ನಡ ಮನೆಗಳಷ್ಟೇ ಅಲ್ಲ, ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲೂ ಕನ್ನಡದಲ್ಲಿ ಕೇಳಿ ಇಂಗ್ಲಿಷಿನಲ್ಲಿ ಉತ್ತರ ಪಡೆಯುವ ಅಜ್ಜಿಯರು ಬೇಕಾದಷ್ಟಿದ್ದಾರೆ. ಮೊಮ್ಮಗಳು "ಅಜ್ಜಿ ಬಂದಳು" ಅಂದಾಗ ನಾವು ನಕ್ಕುಬಿಡುತ್ತೇವೆ. ನಗದೆ "ಹೌದಾ, ಅಜ್ಜಿ ಬಂದ್ರಾ?" ಅಂದರೆ ಸಾಕು.

ಹುಡುಗನ ಕಡೆಯಿಂದ ಆಗಬೇಕಾದದ್ದೂ ಇದೆ. ಎಲ್ಲದರ ಬಗ್ಗೆಯೂ ಮಾತಾಡುತ್ತೇನೆ ಅಂತ ಹೊರಡದೆ ಒಂದು ಜಾಗ ಹಿಡಿಯುವುದು ಒಳ್ಳೆಯದು. ಅಡುಗೆಮನೆಯೇ ಸುಲಭ. ತವಾ, ಹಿಟ್ಟು ಕಲಸುವ ಪರಾತ, ಲಟ್ಟಣಿಗೆಗೆ ವೇಲಣಾ, ಇವೆಲ್ಲ ಅವನಿಗೆ ಗೊತ್ತಿರುವ ಪದಗಳೇ. ಅಜ್ಜಿಯ ಜೊತೆ ರೊಟ್ಟಿ ಮಾಡುವ ಹೊತ್ತು ಇಂಗ್ಲಿಷ್ ಬೇಡ ಅಂತ ಇಬ್ಬರೂ ಒಪ್ಪಿಕೊಳ್ಳಲಿ. ಗೊತ್ತಿಲ್ಲದ್ದನ್ನು ಕೇಳಲು ಒಂದು ವಾಕ್ಯ ಬಾಯಿಪಾಠ ಮಾಡಿಕೊಂಡರೆ ಆಯಿತು. ಎಹ್ನೂಂ ಪಂಜಾಬೀ ವಿಚ್ ಕೀ ಕಹಿಂದೇ ನೇ? ಇದಕ್ಕೆ ಪಂಜಾಬಿಯಲ್ಲಿ ಏನಂತಾರೆ? ಈ ವಾಕ್ಯ ಬಂದವನಿಗೆ ಮಾತು ನಿಂತರೂ ಇಂಗ್ಲಿಷಿಗೆ ಓಡಬೇಕಾಗಿಲ್ಲ.

ಪದ ಸಿಗದಿದ್ದರೆ ಇಂಗ್ಲಿಷ್ ಪದವನ್ನೇ ಹಾಕಿ ಪಕ್ಕದಲ್ಲಿ ಕರನಾ ಸೇರಿಸಬಹುದು. ಟ್ರೈ ಕರನಾ, ಹೆಲ್ಪ್ ಕರನಾ. ನಾವು ಟ್ರೈ ಮಾಡು, ಹೆಲ್ಪ್ ಮಾಡು ಅನ್ನುವ ಹಾಗೆ. ಲುಧಿಯಾನದಲ್ಲಿ ಹುಟ್ಟಿ ಬೆಳೆದವರೂ ಹೀಗೇ ಮಾತಾಡುತ್ತಾರೆ. ಇದನ್ನು ಕಲಬೆರಕೆ ಅಂತ ಬೈಯುವವರಿದ್ದಾರೆ, ನಾನು ಒಪ್ಪುವುದಿಲ್ಲ. ಪದ ಯಾವುದೇ ಇರಲಿ, ವಾಕ್ಯದ ಕಟ್ಟು ಪಂಜಾಬಿಯದ್ದಾಗಿದ್ದರೆ ನಾಲಿಗೆ ಪಳಗುತ್ತದೆ.

ಅಡುಗೆಮನೆ ದಾಟಿದ ಮೇಲೆ ತನಗೆ ಇಷ್ಟವಾದ ವಿಷಯಕ್ಕೆ ಹೋಗಬೇಕು. ಕೆನಡಾದಲ್ಲಿ ಐಸ್ ಹಾಕಿ ಪಂದ್ಯಗಳ ಪಂಜಾಬಿ ಕಾಮೆಂಟರಿ 2008ರಲ್ಲೇ ಶುರುವಾಗಿದೆ. 2016ರಲ್ಲಿ ನಿಕ್ ಬೊನೀನೋ ಗೋಲು ಹೊಡೆದಾಗ ಹರನಾರಾಯಣ್ ಸಿಂಗ್ ಆ ಹೆಸರನ್ನು ಮತ್ತೆ ಮತ್ತೆ ಕೂಗಿದ್ದು ಇಂಟರ್ನೆಟ್ಟಿನಲ್ಲಿ ಎಲ್ಲೆಡೆ ಹರಿದಾಡಿತು. ಅವರ ಕಾಮೆಂಟರಿಯಲ್ಲಿ ಕಪ್ಪು ರಬ್ಬರಿನ ಬಿಲ್ಲೆಗೆ ಟಿಕ್ಕಿ ಅನ್ನುತ್ತಾರೆ, ಆಲೂ ಟಿಕ್ಕಿಯ ಟಿಕ್ಕಿ. ಜೋರಾಗಿ ಬೀಸಿ ಹೊಡೆದರೆ ಅದು ಚಪೇಡ್ ಶಾಟ್. ಚಪೇಡ್ ಅಂದರೆ ಕೆನ್ನೆಗೆ ಬಾರಿಸುವ ಏಟು. ತಾತನಿಗೆ ಹಾಕಿ ಅರ್ಥವಾಯಿತು, ಮೊಮ್ಮಗನಿಗೆ ಪಂಜಾಬಿ ಸಿಕ್ಕಿತು, ಇಬ್ಬರೂ ಒಂದೇ ಸೋಫಾದಲ್ಲಿ ಕೂತರು. ಹಾಡುಗಳಿಂದ ಲಯ ಬರುತ್ತದೆ, ಮಾತು ಅಷ್ಟಾಗಿ ಬರುವುದಿಲ್ಲ.

ಲಿಪಿ, ಮತ್ತು ಯಾವ ಪಂಜಾಬಿ

ಪಂಜಾಬಿ ಬರೆಯುವ ಗುರುಮುಖಿ ಲಿಪಿ ಕಲಿಯಬೇಕಾ? ಕಲಿತರೆ ಲಾಭ ಇದೆ. ಮೂಲ ಅಕ್ಷರಗಳು 35, ಆ ಲೆಕ್ಕದಿಂದಲೇ ವರ್ಣಮಾಲೆಗೆ ಪೈಂತೀ ಅಂತ ಹೆಸರು. ದಿನಾ ಸ್ವಲ್ಪ ಹೊತ್ತು ಕೂತರೆ ಕೆಲವೇ ವಾರದ ಕೆಲಸ. ಘ, ಭ ಅಂತ ಬರೆದಿರುವುದನ್ನು ನೋಡಿದ ಕೂಡಲೇ ಇಲ್ಲಿ ದನಿ ತಗ್ಗಬೇಕು ಅಂತ ಗೊತ್ತಾಗುತ್ತದೆ. ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಿದ ಪಂಜಾಬಿಯಲ್ಲಿ ಆ ಸುಳಿವು ಒಮ್ಮೆ ಇರುತ್ತದೆ, ಒಮ್ಮೆ ಇರುವುದಿಲ್ಲ. ಲಾಹೋರಿನ ಕಡೆಯ ಮನೆಗಳಲ್ಲಿ ಅದೇ ಭಾಷೆಯನ್ನು ಶಾಹಮುಖಿಯಲ್ಲಿ, ಅಂದರೆ ಉರ್ದುವಿನ ಥರದ ಲಿಪಿಯಲ್ಲಿ ಬರೆಯುತ್ತಾರೆ. ಪಂಜಾಬಿ ಆಡುವವರಲ್ಲಿ ಹೆಚ್ಚಿನವರು ಇರುವುದು ಪಾಕಿಸ್ತಾನದಲ್ಲೇ.

ಆದರೆ ಲಿಪಿ ಬಂದರೆ ಮಾತು ಬಂತು ಅಂತ ತಿಳಿಯಬಾರದು. ಗುರುದ್ವಾರದ ವಾರಾಂತ್ಯದ ತರಗತಿಗೆ ಹೋಗಿ ಧರ್ಮಗ್ರಂಥ ಓದುವುದನ್ನು ಚೆನ್ನಾಗಿ ಕಲಿತ ಮಕ್ಕಳಿದ್ದಾರೆ. ಗುರು ಗ್ರಂಥ ಸಾಹಿಬ್‌ನ ಭಾಷೆ ಶತಮಾನಗಳ ಹಿಂದಿನದು, ಅದರಲ್ಲಿ ಹಲವು ಪ್ರಾಂತ್ಯದ ಸಂತರ ವಾಣಿ ಸೇರಿದೆ. ಅದನ್ನು ಓದಬಲ್ಲ ಹುಡುಗಿಗೆ ಚಹಾ ಬೇಕಾ ಅಂತ ಅತ್ತೆಯನ್ನು ಕೇಳಲು ಬಾರದೆ ಇರಬಹುದು. ಎರಡೂ ಬೇರೆ ಬೇರೆ ಕಲಿಕೆ, ಎರಡಕ್ಕೂ ಅದರದರ ಬೆಲೆ ಇದೆ.

ಇನ್ನು ಯಾವ ಪಂಜಾಬಿ ಅನ್ನುವ ಪ್ರಶ್ನೆ. ಪುಸ್ತಕದ ಪಂಜಾಬಿ ಹೆಚ್ಚಾಗಿ ಅಮೃತಸರ, ಲಾಹೋರ್ ಕಡೆಯ ಮಾಝಿಯನ್ನು ಹಿಡಿದದ್ದು. ಕೆನಡಾ, ಇಂಗ್ಲೆಂಡಿಗೆ ಹೋದವರಲ್ಲಿ ಬಹಳ ಜನ ಜಲಂಧರ್, ಹೋಶಿಯಾರ್‌ಪುರ ಇರುವ ದೋಆಬಾದವರು. ಅಲ್ಲಿ ವ ಹಲವು ಕಡೆ ಬ ಆಗುತ್ತದೆ. ಇಪ್ಪತ್ತಕ್ಕೆ ಪುಸ್ತಕ ವೀಹ್ ಅಂದರೆ ಅಜ್ಜಿ ಬೀಹ್ ಅನ್ನುತ್ತಾರೆ. ತರಗತಿಯಲ್ಲಿ ಅಜ್ಜಿಯ ಮಾತು ಆಡಿದ ಮಗುವಿಗೆ ಅದು ಪೇಂಡೂ, ಹಳ್ಳಿ ಮಾತು ಅಂತ ಯಾರಾದರೂ ಹೇಳಿದರೆ ಆ ಮಗು ಎರಡನ್ನೂ ಬಿಡುತ್ತದೆ. ಮನೆಯಲ್ಲಿ ಆಡುವುದನ್ನೇ ಮೊದಲು ಕಲಿಯಲಿ. ಬೀಹ್ ಗೊತ್ತಿದ್ದವನಿಗೆ ವೀಹ್ ಕಲಿಯುವುದು ಕಷ್ಟವೇ ಅಲ್ಲ.

ವಯಸ್ಸು ಮೀರಿತಾ ಅನ್ನುವ ಭಯ ಹಲವರಿಗೆ. ಸುಮಾರು 6,70,000 ಜನರ ಇಂಗ್ಲಿಷ್ ವ್ಯಾಕರಣವನ್ನು ಅಳೆದು 2018ರಲ್ಲಿ ಪ್ರಕಟವಾದ ಒಂದು ಅಧ್ಯಯನ, ವ್ಯಾಕರಣ ಹಿಡಿಯುವ ಶಕ್ತಿ ಹದಿನೇಳರವರೆಗೂ ಚೆನ್ನಾಗಿ ಇರುತ್ತದೆ ಅಂದಿತು. ಆ ಲೆಕ್ಕ ಹಾಕಿದ ರೀತಿಯ ಬಗ್ಗೆ ತಕರಾರುಗಳಿವೆ. ಆದರೆ ಹದಿಮೂರು ಹದಿನಾಲ್ಕಕ್ಕೇ ಬಾಗಿಲು ಮುಚ್ಚುತ್ತದೆ ಅನ್ನಲು ಆಧಾರ ಕಾಣುವುದಿಲ್ಲ, ಅದರಲ್ಲೂ ಕಿವಿ ಆಗಲೇ ತಯಾರಾಗಿರುವವರಿಗೆ.

ತರಗತಿಗಳೂ ಇವೆ. ಬ್ರಿಟಿಷ್ ಕೊಲಂಬಿಯಾದಲ್ಲಿ ಪಂಜಾಬಿಯನ್ನು ಎರಡನೇ ಭಾಷೆಯಾಗಿ 5ರಿಂದ 12ನೇ ತರಗತಿವರೆಗೆ ಕಲಿಸುವ ಪಠ್ಯಕ್ರಮ ಇದೆ. ಇಂಗ್ಲೆಂಡಿನಲ್ಲಿ ಜಿಸಿಎಸ್‌ಇ ಪರೀಕ್ಷೆಗೆ ಪಂಜಾಬಿ ತೆಗೆದುಕೊಳ್ಳಬಹುದು. ಸೇರುವುದಾದರೆ ಮೊದಲ ದಿನವೇ ಟೀಚರಿಗೆ ಹೇಳಿಬಿಡಬೇಕು: ನನಗೆ ಕೇಳಿದರೆ ಅರ್ಥ ಆಗುತ್ತದೆ, ಉಚ್ಚಾರ ಪರವಾಗಿಲ್ಲ, ತಾ ತೀ ಗೊಂದಲ ಇದೆ, ದೊಡ್ಡವರ ಜೊತೆ ಮಾತಾಡುವುದು ಬರುವುದಿಲ್ಲ, ಓದಲು ಬರೆಯಲು ಬರುವುದಿಲ್ಲ. ಇಷ್ಟು ಗೊತ್ತಾದರೆ ಒಳ್ಳೆಯ ಟೀಚರ್ ಅವನನ್ನು ನಾಯಿ ಬೆಕ್ಕಿನ ಪಾಠಕ್ಕೆ ಕೂರಿಸುವುದಿಲ್ಲ. ನಿನ್ನೆ ಮನೆಯಲ್ಲಿ ಏನಾಯಿತು ಹೇಳು ಅಂತ ಕೇಳುತ್ತಾರೆ. ಯಾಕಂದರೆ ಪೀತಾ, ಪೀತೀ ಎರಡೂ ಬಾಯಿಗೆ ಬರುವುದು ನಿನ್ನೆಯ ಮಾತು ಆಡುವಾಗಲೇ.